ಕಾಸರಗೋಡಿನಲ್ಲಿದ್ದು ಮಲಯಾಳಂನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ. ಸಂಭಾವನೆ ಕೇಳಲು ಸಂಕೋಚ, ಏನು ಮಾಡಲಿ?

ಮೊದಲ ಸಂಖ್ಯೆ ನಿಮ್ಮ ಬಾಯಿಂದಲೇ ಬರಲಿ. ‘ನೀವೇ ನೋಡಿ ಕೊಡಿ’ ಎಂದರೆ ಅವರು ನೋಡುವುದು ತಮ್ಮ ಜೇಬನ್ನು. ಪುಟದ ಲೆಕ್ಕ ಬೇಡ. ಅಕ್ಷರದ ಗಾತ್ರ ಬದಲಾದರೆ ಪುಟವೂ ಹಿಗ್ಗಿ ಕುಗ್ಗುತ್ತದೆ. ಪದಕ್ಕಿಷ್ಟು ಎನ್ನಿ. ಯಾವ ಭಾಷೆಯ ಪದ ಎಂಬುದನ್ನೂ ಆಗಲೇ ಹೇಳಿಬಿಡಿ. ಮಲಯಾಳಂ, ಕನ್ನಡ ಎರಡೂ ಪದಗಳನ್ನು ಬೆಸೆದು ಬರೆಯುವ ಭಾಷೆಗಳೇ, ಆದರೆ ಎರಡರಲ್ಲೂ ಎಣಿಕೆ ಒಂದೇ ಬರುವುದಿಲ್ಲ.

ಊರಿನ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣವನ್ನು ಸೇವೆಯೆಂದು ಮಾಡಿಕೊಡುವುದು ನಿಮ್ಮಿಷ್ಟ. ಕೊಚ್ಚಿಯ ಜಾಹೀರಾತು ಕಂಪನಿಗೆ ಆ ರಿಯಾಯಿತಿ ಯಾಕೆ? ಅವರು ದರ ಇಳಿಸಿ ಎಂದರೆ ಕೆಲಸವನ್ನೂ ಇಳಿಸಿ: ‘ಆ ಮೊತ್ತಕ್ಕೆ ಕರಡು ತಿದ್ದುಪಡಿ ಒಂದೇ ಸಲ’ ಎನ್ನಿ. ಹೇಳಿದ ಮೇಲೆ ಸುಮ್ಮನಿರಿ. ಆ ಮೌನ ತಾಳಲಾರದೆ ನಾವೇ ದರ ಕಡಿಮೆ ಮಾಡಿಕೊಳ್ಳುವುದು ಹೆಚ್ಚು.

ಪುಸ್ತಕದ ಅನುವಾದವಾದರೆ ಒಪ್ಪಂದದಲ್ಲಿರುವ ಹಕ್ಕಿನ ಸಾಲನ್ನು ಎರಡು ಸಲ ಓದಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕು ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ಬರೆಯದಿದ್ದರೆ ಅದು 5 ವರ್ಷಕ್ಕೆ ಮಾತ್ರ. ಬರೆದುಕೊಟ್ಟರೆ ಈ ಮಿತಿ ನಿಮ್ಮನ್ನು ಕಾಯುವುದಿಲ್ಲ. ಆದ್ದರಿಂದ ‘ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರಿಗೆ’ ಎಂದಿದ್ದರೆ, ಒಂದೋ ಅದನ್ನು ತೆಗೆಸಿ, ಇಲ್ಲವೇ ಅದಕ್ಕೆ ಪ್ರತ್ಯೇಕ ಮೊತ್ತ ಕೇಳಿ. ಮುಂಗಡವಿಲ್ಲದೆ ಮೊದಲ ಅಧ್ಯಾಯವನ್ನೂ ಕಳಿಸಬೇಡಿ.