ಕ್ಯಾಲೆಂಡರಿನ ಗ್ರೆಗರಿ ಬೇರೆ, ‘ಮಹಾ’ ಗ್ರೆಗರಿ ಬೇರೆ

ಪ್ರಶ್ನೆ: ನಾವು ಬಳಸುವ ಗ್ರೆಗೋರಿಯನ್ ಕ್ಯಾಲೆಂಡರನ್ನೂ ಚರ್ಚುಗಳ ಗ್ರೆಗೋರಿಯನ್ ಗಾಯನವನ್ನೂ ರೂಪಿಸಿದವರು ಒಬ್ಬರೇ ಪೋಪರೇ? ಗ್ರೆಗರಿಯವರಿಗೆ ‘ಮಹಾ’ ಎಂಬ ಬಿರುದು ಬಂದದ್ದು ಯಾವ ಕಾರಣಕ್ಕೆ?

ಉತ್ತರ: ಅಲ್ಲ. 1582ರಲ್ಲಿ ಕ್ಯಾಲೆಂಡರನ್ನು ತಿದ್ದಿಸಿದವರು ಹದಿಮೂರನೆಯ ಗ್ರೆಗರಿ. ‘ಮಹಾ’ ಎನಿಸಿಕೊಂಡವರು ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದೆ, 590ರಿಂದ 604ರವರೆಗೆ ಪೋಪರಾಗಿದ್ದ ಮೊದಲನೆಯ ಗ್ರೆಗರಿ. ಗಾಯನಕ್ಕೆ ಅಂಟಿಕೊಂಡಿರುವುದು ಇವರ ಹೆಸರೇ ಆದರೂ, ಆ ರಾಗಗಳು ಈಗಿನ ರೂಪಕ್ಕೆ ಬಂದದ್ದು ಬಹುಮಟ್ಟಿಗೆ 8 ಮತ್ತು 9ನೆಯ ಶತಮಾನಗಳಲ್ಲಿ, ಇಂದಿನ ಫ್ರಾನ್ಸ್, ಜರ್ಮನಿಗಳ ಕಡೆಯ ಫ್ರಾಂಕರ ರಾಜ್ಯದಲ್ಲಿ. ಪವಿತ್ರಾತ್ಮವೇ ಪಾರಿವಾಳವಾಗಿ ಬಂದು ಆ ರಾಗಗಳನ್ನು ಅವರ ಕಿವಿಯಲ್ಲಿ ಉಸುರುತ್ತಿರುವಂತೆ ಬರೆದ ಚಿತ್ರಗಳು ಸುಂದರವೇ. ಆದರೆ ಅವರ ಹಿರಿಮೆಯನ್ನು ಹುಡುಕಬೇಕಾದುದು ಅಲ್ಲಿಯಲ್ಲ, ಅವರ ಪತ್ರಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸುಮಾರು 540ರಲ್ಲಿ ರೋಮಿನ ಸಿರಿವಂತ ಮನೆತನದಲ್ಲಿ ಹುಟ್ಟಿದ ಗ್ರೆಗರಿ, ಆ ನಗರದ ಆಡಳಿತಾಧಿಕಾರಿಯಾಗಿದ್ದು, ಬಳಿಕ ಅಧಿಕಾರವನ್ನು ತೊರೆದು ಸೀಲಿಯನ್ ಗುಡ್ಡದ ಮೇಲಿದ್ದ ತಮ್ಮ ಮನೆಯನ್ನೇ ಮಠವಾಗಿಸಿ ಸನ್ಯಾಸಿಯಾದರು. 589ರಲ್ಲಿ ಟೈಬರ್ ನದಿ ಉಕ್ಕಿ ಚರ್ಚಿನ ಕಣಜಗಳು ಹಾಳಾದವು. ಹಿಂದೆಯೇ ಬಂದ ಪ್ಲೇಗಿಗೆ ಪೋಪ್ ಎರಡನೆಯ ಪೆಲಾಜಿಯಸ್ ಬಲಿಯಾದರು. ಮಠದ ಮೌನವನ್ನು ಬಿಟ್ಟುಬರಲು ಮನಸ್ಸಿಲ್ಲದಿದ್ದರೂ ಗ್ರೆಗರಿ ಅವರ ಸ್ಥಾನಕ್ಕೆ ಬರಬೇಕಾಯಿತು.

ಹಸಿದ ರೋಮಿಗೆ ಧಾನ್ಯ ಬರುತ್ತಿದ್ದುದು ಮುಖ್ಯವಾಗಿ ಸಿಸಿಲಿಯಿಂದ, ಅಲ್ಲಿನ ಚರ್ಚಿನ ಜಮೀನುಗಳಿಂದ. ಅಲ್ಲಿಯ ಪಾರುಪತ್ಯಗಾರನಾಗಿದ್ದ ಪೀಟರನಿಗೆ 591ರಲ್ಲಿ ಬರೆದ ಉದ್ದನೆಯ ಪತ್ರವನ್ನು ಓದಿದವರು ಅದನ್ನು ಮರೆಯಲಾರರು. ಒಕ್ಕಲುಗಳಿಂದ ದೊಡ್ಡ ಕೊಳಗದಲ್ಲಿ ಧಾನ್ಯ ಅಳೆದುಕೊಳ್ಳುವುದು ನಿಲ್ಲಬೇಕು. ಅವರ ಬೆಳೆಯನ್ನು ಪೇಟೆಯ ಧಾರಣೆಗೇ ಕೊಳ್ಳಬೇಕು. ಫಸಲು ಮಾರುವ ಮೊದಲೇ ಕಂದಾಯದ ಕಂತು ಕಟ್ಟಬೇಕಾಗಿ ಬಂದು ಅವರು ಬಡ್ಡಿಗೆ ಸಾಲ ಮಾಡುತ್ತಿರುವುದರಿಂದ, ಆ ಹಣವನ್ನು ಚರ್ಚೇ ಮುಂಗಡವಾಗಿ ಕೊಟ್ಟು ನಿಧಾನವಾಗಿ ಹಿಂಪಡೆಯಬೇಕು. ನೀಚ ಲಾಭದಿಂದ ಚರ್ಚಿನ ಹಣದ ಚೀಲ ಮೈಲಿಗೆಯಾಗುವುದು ತಮಗೆ ಬೇಡ ಎಂದೂ ಅವರು ಬರೆಯುತ್ತಾರೆ. ಇದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ: ಈ ಆದೇಶವನ್ನು ಎಲ್ಲ ಜಮೀನುಗಳಲ್ಲೂ ರೈತರಿಗೆ ಓದಿ ಹೇಳಬೇಕು, ದಬ್ಬಾಳಿಕೆ ನಡೆದರೆ ಅದನ್ನು ಮುಂದಿಟ್ಟು ಅವರು ತಮ್ಮನ್ನು ಕಾಪಾಡಿಕೊಳ್ಳುವಂತಿರಬೇಕು. ‘ದೇವರ ಸೇವಕರ ಸೇವಕ’ ಎಂದು ತಮ್ಮನ್ನು ಕರೆದುಕೊಂಡ ಪೋಪರ ಈ ಪತ್ರದಲ್ಲಿ ಆ ಮಾತಿನ ಅರ್ಥ ಕಣ್ಣಿಗೆ ಕಟ್ಟುತ್ತದೆ.

ಉತ್ತರ ಇಟಲಿಯನ್ನು ಆಳುತ್ತಿದ್ದ ಲೊಂಬಾರ್ಡ್ ಜನರ ದೊರೆ ಅಗಿಲುಲ್ಫ್ ರೋಮನ್ನು ಮುತ್ತಿದಾಗ, ನಗರದ ಒಡೆಯನಾಗಿದ್ದ ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿಯ ನೆರವಿಗಾಗಿ ಕಾಯುತ್ತ ಕೂರದೆ, ಗ್ರೆಗರಿಯೇ ಸಂಧಾನ ನಡೆಸಿ ಹಣ ತೆತ್ತು ನಗರವನ್ನು ಉಳಿಸಿದರು. ಮುಂದಿನ ಶತಮಾನಗಳಲ್ಲಿ ಪೋಪರು ಇಟಲಿಯ ರಾಜಕೀಯ ಶಕ್ತಿಯಾಗಿ ಬೆಳೆದುದಕ್ಕೆ ಇದೂ ಒಂದು ಬೀಜ. 596ರಲ್ಲಿ ತಮ್ಮ ಮಠದ ಆಗಸ್ಟೀನರನ್ನು ಧರ್ಮಪ್ರಚಾರಕ್ಕೆ ಇಂಗ್ಲೆಂಡಿಗೆ ಕಳುಹಿಸಿದವರೂ ಅವರೇ. 601ರಲ್ಲಿ, ಆಗಸ್ಟೀನರ ನೆರವಿಗೆ ಹೊರಟಿದ್ದ ಮೆಲ್ಲಿಟಸ್‌ಗೆ ಬರೆದ ಪತ್ರದಲ್ಲಿ, ಅಲ್ಲಿನ ಹಳೆಯ ಗುಡಿಗಳನ್ನು ಕೆಡವಬೇಡಿ, ಜನರು ರೂಢಿಯ ಜಾಗಗಳಿಗೇ ಬರಲಿ ಎಂದರು. ಆದರೆ ಒಳಗಿನ ವಿಗ್ರಹಗಳನ್ನು ನಾಶಮಾಡಲು ಹೇಳಿದ್ದೂ ಅದೇ ಪತ್ರ ಎಂಬುದನ್ನು ಮುಚ್ಚಿಡಬಾರದು.

ಅವರಿಂದ ಬಂದ ತಪ್ಪೊಂದು ಬಹುಕಾಲ ಬಾಳಿತು. 591ರ ಸುಮಾರಿನ ಒಂದು ಪ್ರವಚನದಲ್ಲಿ ಅವರು ಯೇಸುವಿನ ಶಿಷ್ಯೆ ಮಗ್ದಲದ ಮರಿಯಳನ್ನೂ ಲೂಕನ ಸುವಾರ್ತೆಯ ಹೆಸರಿಲ್ಲದ ಪಾಪಿನಿಯನ್ನೂ ಒಬ್ಬಳೇ ಎಂದು ಸಾರಿದರು. ಸುವಾರ್ತೆಯಲ್ಲಿ ಇದಕ್ಕೆ ಆಧಾರವಿಲ್ಲ. ಆದರೂ ಪಶ್ಚಿಮದ ಚರ್ಚು ಆಕೆಯನ್ನು ಪಶ್ಚಾತ್ತಾಪಪಟ್ಟ ಪಾಪಿಯೆಂದೇ ಪೂಜಾವಿಧಿಗಳಲ್ಲಿ ನೆನೆಯುತ್ತ ಬಂತು. ಅದನ್ನು ಕೈಬಿಟ್ಟದ್ದು ಚರ್ಚಿನ ಪೂಜಾ ಪಂಚಾಂಗದ 1969ರ ಪರಿಷ್ಕರಣೆಯಲ್ಲಿ.