ರೆಪ್ಲಿಕಾ ಇದ್ದರೂ ಬ್ಯಾಕಪ್ ಬೇಕೇ?

ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ರೆಪ್ಲಿಕಾ, ಅಂದರೆ ಮುಖ್ಯ ಸರ್ವರಿನ ಬದಲಾವಣೆಗಳನ್ನೆಲ್ಲ ನಕಲು ಮಾಡುತ್ತಿರುವ ಇನ್ನೊಂದು ಸರ್ವರ್, ಇಟ್ಟ ಮೇಲೂ ದಿನವೂ ಬ್ಯಾಕಪ್ ತೆಗೆಯಬೇಕೇ ಎಂದು ಕೇಳಿದ್ದೀರಿ. ತೆಗೆಯಲೇಬೇಕು. ರೆಪ್ಲಿಕಾ ಎಂದರೆ ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವ ಆಳು. ಯಾವ ಸಾಲು ಅಳಿಸಬೇಕೆಂದು ಹೇಳುವ ವೇರ್ ಷರತ್ತು ಮರೆತು ನೀವು ಡಿಲೀಟ್ ಕೊಟ್ಟರೆ ಅದು ಬೈನರಿ ಲಾಗ್ (ಬದಲಾವಣೆಗಳ ದಾಖಲೆ) ಮೂಲಕ ಅಲ್ಲಿಗೂ ಹೋಗುತ್ತದೆ. ನೀವು ತಲೆಯ ಮೇಲೆ ಕೈ ಹೊತ್ತುಕೊಳ್ಳುವಷ್ಟರಲ್ಲಿ ಅಲ್ಲಿನ ಟೇಬಲ್ ಕೂಡ ಖಾಲಿ.

ಇನ್ನೋಡಿಬಿ (ಮೈಎಸ್‌ಕ್ಯೂಎಲ್‌ನ ಒಂದು ಶೇಖರಣಾ ವಿಧಾನ) ಟೇಬಲ್‌ಗಳಾದರೆ, ಡೇಟಾಬೇಸನ್ನು ಕಡತಕ್ಕೆ ಇಳಿಸುವ ಮೈಎಸ್‌ಕ್ಯೂಎಲ್‌ಡಂಪ್ ಅನ್ನು ರಾತ್ರಿ ಸಿಂಗಲ್-ಟ್ರಾನ್ಸಾಕ್ಷನ್ ಆಯ್ಕೆಯೊಡನೆ ಓಡಿಸಿ, ಬರೆಯುವವರಿಗೆ ಅಡ್ಡಿಯಾಗುವುದಿಲ್ಲ. ಬೈನರಿ ಲಾಗ್‌ಗಳನ್ನೂ ಬೇರೆ ಯಂತ್ರಕ್ಕೆ ನಕಲಿಸಿ. ಮಧ್ಯಾಹ್ನ 3.10ಕ್ಕೆ ಅನಾಹುತವಾದರೆ ರಾತ್ರಿಯ ಡಂಪ್ ಹಾಕಿ, ಲಾಗ್‌ಗಳನ್ನು 3.09ರವರೆಗೆ ಮಾತ್ರ ಮತ್ತೆ ಓಡಿಸಬಹುದು.

ಡಂಪ್ ಕಡತವನ್ನು ವೆಬ್‌ಸೈಟಿನ ಫೋಲ್ಡರಿನಲ್ಲೇ ಇಡುತ್ತೇನೆ ಎಂದಿದ್ದೀರಲ್ಲ, ಅದನ್ನು ಓದಿ ಎದೆ ಧಸಕ್ಕೆಂದಿತು. ಅಪಾಚೆ ವೆಬ್ ಸರ್ವರಿಗೆ ಅದು ಚಿತ್ರದಂತೆ ಇನ್ನೊಂದು ಕಡತ, ಅಷ್ಟೇ. ಹೆಸರು ಊಹಿಸಿದ ಯಾರಾದರೂ ಬ್ರೌಸರಿನಲ್ಲೇ ಇಳಿಸಿಕೊಳ್ಳಬಹುದು. ಇವತ್ತೇ ಅಲ್ಲಿಂದ ತೆಗೆಯಿರಿ.

ಬ್ಯಾಕಪ್ ಓಡುತ್ತಿದೆ ಎಂದು ನಂಬಿ ಕೂರಬೇಡಿ. 2017ರ ಜನವರಿ 31ರಂದು ಕೋಡ್ ಇಡುವ ತಾಣವಾದ ಗಿಟ್‌ಲ್ಯಾಬ್‌ನಲ್ಲಿ ಎಂಜಿನಿಯರೊಬ್ಬರು ರೆಪ್ಲಿಕಾ ಎಂದುಕೊಂಡು ಮುಖ್ಯ ಪೋಸ್ಟ್‌ಗ್ರೆಸ್ ಡೇಟಾಬೇಸ್ ಸರ್ವರಿನ ದತ್ತಾಂಶವನ್ನೇ ಅಳಿಸಿದರು. ಡಂಪ್ ನೋಡಿದರೆ, ಡಂಪ್ ತೆಗೆಯುವ ತಂತ್ರಾಂಶದ ಆವೃತ್ತಿ ಡೇಟಾಬೇಸಿನ ಆವೃತ್ತಿಗೆ ಹೊಂದದೆ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಸ್ನ್ಯಾಪ್‌ಶಾಟ್ (ಆ ಕ್ಷಣದ ದತ್ತಾಂಶದ ಪ್ರತಿ) ಅವರನ್ನು ಉಳಿಸಿತು. ತಿಂಗಳಿಗೊಮ್ಮೆ ನಿಮ್ಮ ಡಂಪ್ ಅನ್ನು ಖಾಲಿ ಯಂತ್ರಕ್ಕೆ ಹಾಕಿ, ಆರ್ಡರ್ ಟೇಬಲಿನ ಸಾಲುಗಳನ್ನು ಎಣಿಸಿ ನೋಡಿ.