ಇ-ಮೌಂಟನ್ ಬೈಕ್ ಕೊಳ್ಳುವಾಗ ಮೋಟಾರಿನ ವ್ಯಾಟ್ ಮುಖ್ಯವೋ, ಬ್ಯಾಟರಿಯ ರೇಂಜ್ ಮುಖ್ಯವೋ?

ಬೆಂಗಳೂರಿನ ತುರಹಳ್ಳಿ ಕಡೆಯ ಮಣ್ಣುದಾರಿಗೂ ನಂದಿ ಬೆಟ್ಟಕ್ಕೂ ಒಂದೇ ಇ-ಬೈಕ್ (ಮೋಟಾರಿರುವ ಸೈಕಲ್) ಬೇಕೆಂದರೆ ವ್ಯಾಟ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನೋಂದಣಿ, ಲೈಸೆನ್ಸ್ ಬೇಡವೆಂದರೆ ನಮ್ಮಲ್ಲಿ 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿಯಿದೆ, ಹಾಗಾಗಿ ಬಹುತೇಕ ಬೈಕ್‌ಗಳ ಮೇಲೆ ಅದೇ ಸಂಖ್ಯೆ ಕಾಣುತ್ತದೆ.

ನಿಜವಾದ ವ್ಯತ್ಯಾಸ ಟಾರ್ಕ್‌ನಲ್ಲಿ, ಅಂದರೆ ಮೋಟಾರಿನ ತಿರುಗಿಸುವ ಬಲದಲ್ಲಿದೆ. ಹಿಂದಿನ ಚಕ್ರದ ಹಬ್ ಮೋಟಾರು ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸು ಕೊಡುತ್ತದೆ. ಪೆಡಲಿನ ಬಳಿ ಕೂರುವ ಮಿಡ್-ಡ್ರೈವ್‌ಗಳಲ್ಲಿ 80 ದಾಟುವವೂ ಇವೆ, ಮೇಲಾಗಿ ಗೇರಿನ ಲಾಭವೂ ಅದಕ್ಕೆ ಸಿಗುತ್ತದೆ. ಕಡಿದಾದ ತಿರುವಿನಲ್ಲಿ ವೇಗ ಕುಸಿದಾಗ ಹಬ್ ಮೋಟಾರು ಏದುಸಿರು ಬಿಡುತ್ತದೆ. ಬ್ಯಾಟರಿಯ ಶಕ್ತಿ ಬಿಸಿಯಾಗಿ ಪೋಲಾಗುತ್ತದೆ.

ಕಂಪನಿ ಹೇಳುವ ರೇಂಜ್ ಸಮತಟ್ಟು ರಸ್ತೆಯ ಮಾತು. ಬ್ಯಾಟರಿಯಲ್ಲಿ ಎಷ್ಟು ಶಕ್ತಿಯಿದೆ ಎಂದು ತಿಳಿಯಲು ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ: 36 ವೋಲ್ಟ್, 10 ಆಂಪಿಯರ್-ಅವರ್ ಎಂದರೆ 360 ವ್ಯಾಟ್-ಅವರ್. ಬೈಕ್ ಸೇರಿ 100 ಕೆ.ಜಿ. ಭಾರವನ್ನು 400 ಮೀಟರ್ ಎತ್ತರಕ್ಕೆ ಏರಿಸಲು ಬರಿ ಭೌತಶಾಸ್ತ್ರದ ಲೆಕ್ಕದಲ್ಲೇ ಸುಮಾರು 109 ವ್ಯಾಟ್-ಅವರ್ ಬೇಕು. ಮೋಟಾರಿನ ನಷ್ಟ ಸೇರಿದರೆ 140ರ ಹತ್ತಿರ. ನೀವು ತುಳಿದಷ್ಟೂ ಇದು ಇಳಿಯುತ್ತದೆ (ತುಳಿಯದವರಿಗೆ ಸ್ಕೂಟರ್ ವಾಸಿ).

ನಂದಿಗೆ ನಗರದಿಂದಲೇ ಸುಮಾರು 60 ಕಿ.ಮೀ. ಇರುವುದರಿಂದ ಬೈಕನ್ನು ಕಾರಿನಲ್ಲಿ ಒಯ್ದು ಬುಡದಿಂದ ಹತ್ತುವುದೇ ಜಾಣತನ. ಹಣವಿದ್ದರೆ 500 ವ್ಯಾಟ್-ಅವರ್‌ನ ಮಿಡ್-ಡ್ರೈವ್ ಕೊಳ್ಳಿ. ತುರಹಳ್ಳಿಯಷ್ಟೇ ಸಾಕೆಂದರೆ ಹಬ್ ಮೋಟಾರು ಸಾಕು. ಉಳಿದ ಹಣವನ್ನು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಹಾಕಿ.